ಹಾಸ್ಟೆಲ್ ಕ್ಲೀನಿಂಗ್ ಆಂಟಿಯ ಸಂಬಳದ ಬಗ್ಗೆ ಪ್ರಾರ್ಥನೆ ಕೂಟ ಮಾತಾಡಿದ್ರೆ ಅದು ಸೇವೆನಾ, ರಾಜಕೀಯನಾ?

ಫೈನಲ್‌ಇಯರ್_ಲೀಡರ್

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಮ್ಮ ಕ್ಯಾಂಪಸ್‌ನಲ್ಲಿ ಒಂದು ಪ್ರಾರ್ಥನೆ ಕೂಟ ಇದೆ, ಹದಿನೆಂಟು ಜನ ಬರ್ತೀವಿ, ವಾರಕ್ಕೊಂದು ಬೈಬಲ್ ಸ್ಟಡಿ. ಈ ಸೆಮಿಸ್ಟರ್ ಆಮೋಸನ ಪುಸ್ತಕ ತಗೊಂಡಿದ್ವಿ. ಐದನೇ ಅಧ್ಯಾಯದಲ್ಲಿ ನಿಮ್ಮ ಹಾಡುಗಳ ಗದ್ದಲ ನಂಗೆ ಬೇಡ, ನ್ಯಾಯ ಹೊಳೆ ಹರಿದ ಹಾಗೆ ಹರೀಲಿ ಅಂತ ದೇವರು ಹೇಳೋ ಜಾಗ ಬರತ್ತಲ್ಲ, ಅಲ್ಲಿಗೆ ಬಂದಾಗ ಫಸ್ಟ್ ಇಯರ್ ಹುಡುಗಿ ಒಬ್ಳು ಕೇಳಿಬಿಟ್ಳು, "ಅಕ್ಕಾ, ನಮ್ಮ ಫ್ಲೋರ್ ಕ್ಲೀನ್ ಮಾಡೋ ಆಂಟಿಗೆ ಎರಡು ತಿಂಗಳಿಂದ ಸಂಬಳ ಆಗಿಲ್ವಂತೆ, ಈ ವಚನ ಓದಿದ್ಮೇಲೆ ನಾವೇನು ಮಾಡ್ಬೇಕು?"

ಯಾರೂ ಮಾತಾಡ್ಲಿಲ್ಲ. ನಂಗಂತೂ ತಲೆ ಎತ್ತೋಕೆ ಆಗ್ಲಿಲ್ಲ, ಯಾಕಂದ್ರೆ ಮೂರು ವರ್ಷದಿಂದ ಅದೇ ಹಾಸ್ಟೆಲಲ್ಲಿ ಇದೀನಿ, ಆ ಆಂಟಿ ಹೆಸರೇ ನಂಗೆ ಗೊತ್ತಿರಲಿಲ್ಲ. "ಕ್ಯಾಂಪಸ್‌ಗೋಸ್ಕರ ಪ್ರಾರ್ಥಿಸೋಣ" ಅಂತ ದಿನಾ ಹೇಳ್ತಿದ್ದೆ, ಕ್ಯಾಂಪಸ್ ಅಂದ್ರೆ ನನ್ನ ಮನಸ್ಸಲ್ಲಿ ಬರೀ ಸ್ಟೂಡೆಂಟ್ಸ್.

ಆಮೇಲೆ ಕೂಟಕ್ಕೆ ಮಾರ್ಗದರ್ಶನ ಕೊಡೋ ಹಿರಿಯರೊಬ್ಬರಿಗೆ ಹೇಳಿದ್ವಿ. ಅವರು ಪ್ರೀತಿಯಿಂದಾನೇ ಹೇಳಿದ್ರು, "ಇದಕ್ಕೆ ಕೈ ಹಾಕಬೇಡಮ್ಮಾ, ಇದು ರಾಜಕೀಯ ಆಗತ್ತೆ, ನಿಮ್ಮ ಕೆಲಸ ಆತ್ಮಗಳು, ಕಾಲೇಜಿನವರು ಕೂಟಾನೇ ನಿಲ್ಲಿಸಿಬಿಟ್ರೆ?" ಅವರ ಭಯ ಸುಳ್ಳಲ್ಲ. ಆದ್ರೆ ಆ ಹುಡುಗಿ ಪ್ರಶ್ನೆ ನನ್ನ ಬಿಡ್ತಿಲ್ಲ. ಅನುಭವ ಇರೋರು ಹೇಳಿ, ವಿದ್ಯಾರ್ಥಿ ಸೇವೆ ಅನ್ನೋದು ಸಮಾಜ ಬದಲಾಯಿಸೋ ಕೆಲಸಕ್ಕೆ ಇಳೀಬೇಕಾ? ಇಳಿದ್ರೆ ಹೇಗೆ?

ಹಳೇಬ್ಯಾಚ್_ಅಕ್ಕ

ತಂಗಿ, ಮೊದಲು ಆ ಫಸ್ಟ್ ಇಯರ್ ಹುಡುಗಿಗೆ ನನ್ನ ಪರವಾಗಿ ಒಂದು ಥ್ಯಾಂಕ್ಸ್ ಹೇಳು.

ನಾನು ಕಾಲೇಜು ಬಿಟ್ಟು ತುಂಬಾ ವರ್ಷ ಆಯ್ತು. ನಾನೂ ಕೂಟ ನಡೆಸಿದೋಳೇ. ನಮ್ಮ ಕಾಲದಲ್ಲಿ ನಡೆದಿದ್ದು ಹೇಳ್ತೀನಿ, ಇದನ್ನ ಎಲ್ಲೂ ಬರೆದಿಲ್ಲ. ಕ್ಯಾಂಪಸ್ ಪಕ್ಕದಲ್ಲಿ ಒಂದು ಬಿಲ್ಡಿಂಗ್ ಕಟ್ತಿದ್ರು, ಅಲ್ಲಿ ಕೆಲಸ ಮಾಡೋರ ಮಕ್ಕಳು ಮರಳ ಗುಡ್ಡೆ ಮೇಲೆ ಆಡ್ತಾ ಇರೋರು. ಹಸಿದೋರಿಗೆ ಊಟ ಹಂಚೋದೇ ನಿಜವಾದ ಉಪವಾಸ ಅನ್ನೋ ಯೆಶಾಯ 58 ಓದಿದ ವಾರ ನಮಗೆಲ್ಲ ಉತ್ಸಾಹ ಬಂದು ಸಂಜೆ ಪಾಠ ಶುರು ಮಾಡಿದ್ವಿ. ಸ್ಲೇಟು, ಬಳಪ, ಹಾಡು, ಫೋಟೋ, ಎಲ್ಲಾ ಆಯ್ತು. ಮೂರು ತಿಂಗಳು ಚೆನ್ನಾಗೇ ನಡೀತು. ಆಮೇಲೆ ಎಕ್ಸಾಮ್ ಬಂತು, ಒಬ್ಬೊಬ್ರೇ ಬಿಟ್ವಿ, ರಜಾ ಅಂತ ಊರಿಗೆ ಹೋದ್ವಿ, ಮಕ್ಕಳಿಗೆ ಒಂದು ಮಾತು ಹೇಳಿ ಹೋಗ್ಬೇಕು ಅನ್ನೋದೂ ಯಾರಿಗೂ ಹೊಳೀಲಿಲ್ಲ. ವಾಪಸ್ ಬಂದಾಗ ಅಲ್ಲಿನ ವಾಚ್‌ಮನ್ ಹೇಳಿದ್ದು, ಮಕ್ಕಳು ಎರಡು ವಾರ ಅದೇ ಟೈಮಿಗೆ ಸ್ಲೇಟ್ ಹಿಡ್ಕೊಂಡು ಬಂದು ಕೂತಿದ್ರಂತೆ. ಇವತ್ತಿಗೂ ಅದು ನೆನಪಾದ್ರೆ ಹೊಟ್ಟೇಲಿ ಸಂಕಟ ಆಗತ್ತೆ. ನಾವು ಅವರಿಗೆ ಅಕ್ಷರ ಕಲಿಸಿದ್ವೋ ಇಲ್ವೋ, ದೊಡ್ಡೋರು ಮಾತು ಕೊಟ್ಟು ಮರೆತುಬಿಡ್ತಾರೆ ಅನ್ನೋದನ್ನಂತೂ ಕಲಿಸಿದ್ವಿ.

ಅದಕ್ಕೇ ನಿನ್ನ ಪ್ರಶ್ನೆಗೆ ನನ್ನ ಉತ್ತರ, ಇಳೀರಿ, ಖಂಡಿತ ಇಳೀರಿ, ಆದ್ರೆ ನಿಮ್ಮ ಬ್ಯಾಚ್ ಹೋದ್ಮೇಲೂ ಅದನ್ನ ಯಾರು ಹೊರ್ತಾರೆ ಅಂತ ಮೊದಲನೇ ದಿನವೇ ಕೇಳ್ಕೊಳ್ಳಿ. ಸ್ಟೂಡೆಂಟ್ ಕೂಟದ ದೊಡ್ಡ ಶಕ್ತಿ ಉತ್ಸಾಹ, ಅದರ ದೊಡ್ಡ ಪಾಪವೂ ಅದೇ ಉತ್ಸಾಹ ಅಂತ ನನ್ನ ಅಭಿಪ್ರಾಯ.

ಸುವಾರ್ತೆ_ಮೊದಲು

ಸಿಸ್ಟರ್, ನಾನು ಬೇರೆ ಕಡೆ ನಿಂತು ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಸಮಾಜ ಸೇವೆ ಮಾಡೋಕೆ ನೂರು ಸಂಸ್ಥೆ ಇದಾವೆ, ಕ್ಯಾಂಪಸ್‌ನಲ್ಲಿ ಕ್ರಿಸ್ತನ ಬಗ್ಗೆ ಹೇಳೋಕೆ ನೀವು ಹದಿನೆಂಟೇ ಜನ. ಇತಿಹಾಸ ನೋಡಿ, ಬ್ರಿಟನ್ನಿನ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಅನ್ನೋ ವಿದ್ಯಾರ್ಥಿ ಸಂಘಟನೆ ಶುರುವಲ್ಲಿ ಎಷ್ಟು ಬಿಸಿ ಇತ್ತು, ನಿಧಾನಕ್ಕೆ ಸಾಮಾಜಿಕ ವಿಷಯಗಳೇ ಮುಂದೆ ಬಂದು ಶಿಲುಬೆ ಹಿಂದೆ ಹೋಯ್ತು, ಅದಕ್ಕೇ ಕೇಂಬ್ರಿಡ್ಜಿನ ಕ್ರಿಶ್ಚಿಯನ್ ಯೂನಿಯನ್ 1910ರಲ್ಲಿ ಅದರಿಂದ ಹೊರಗೆ ಬಂತು. ನೀರಿಲ್ಲದ ಮರ ಎಷ್ಟು ದಿನ ನೆರಳು ಕೊಡತ್ತೆ? ನನ್ನ ಭಯ ಇಷ್ಟೇ, ಇವತ್ತು ಸಂಬಳ, ನಾಳೆ ಇನ್ನೊಂದು, ಆಮೇಲೆ ಪ್ರಾರ್ಥನೆಗೆ ಟೈಮ್ ಇಲ್ಲ.

ಇತಿಹಾಸ_ಓದುಗ

ಬ್ರದರ್ ಹೇಳಿದ 1910ರ ಒಡಕು ನಿಜ, ಅದು ಸಣ್ಣ ವಿಷಯ ಅಲ್ಲ, ಕ್ರಿಸ್ತನ ಮರಣದ ಅರ್ಥ ಏನು, ಬೈಬಲ್‌ಗೆ ಎಷ್ಟು ಅಧಿಕಾರ ಅನ್ನೋದೇ ಅಲ್ಲಿ ಪ್ರಶ್ನೆ ಆಗಿತ್ತು. ಆದ್ರೆ ಆ ಒಡಕಿನಿಂದ ನಷ್ಟ ಎರಡೂ ಕಡೆ ಆಯ್ತು ಅನ್ನೋದನ್ನೂ ಹೇಳ್ಬೇಕಲ್ವಾ? ಒಂದು ಕಡೆ ನ್ಯಾಯ ಅಂದ್ರು, ಪ್ರಾರ್ಥನೆ ಕೂಟ ಖಾಲಿ ಆಗ್ತಾ ಬಂತು. ಇನ್ನೊಂದು ಕಡೆ ಪ್ರಾರ್ಥನೆ ತುಂಬಿತ್ತು, ಬಡವರ ಬಗ್ಗೆ ಮಾತೆತ್ತಿದ್ರೆ ಅನುಮಾನ ಪಡೋರು. ಅದನ್ನ ಮತ್ತೆ ಹೊಲಿಯೋಕೆ ಅರವತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯ್ತು.

ಹೊಲಿದೋರು ಯಾರು ಅಂದ್ರೆ ಅವರೂ ವಿದ್ಯಾರ್ಥಿ ಸೇವೆಯವರೇ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ವಿಶ್ವ ಸುವಾರ್ತಾ ಸಮ್ಮೇಳನ ಆಯ್ತು, ಸುಮಾರು 150 ದೇಶದವರು ಬಂದಿದ್ರು. ಅಲ್ಲಿ ರೆನೆ ಪಡಿಲ್ಲ, ಸಾಮುವೆಲ್ ಎಸ್ಕೋಬಾರ್ ಅಂತ ಇಬ್ಬರು ಎದ್ದು ಖಾರವಾಗೇ ಮಾತಾಡಿದ್ರು. ಇಬ್ಬರೂ 1947ರಲ್ಲಿ ಶುರುವಾದ ಐಎಫ್‌ಇಎಸ್ ಅನ್ನೋ ಸುವಾರ್ತಾ ವಿದ್ಯಾರ್ಥಿ ಒಕ್ಕೂಟದ ಪರವಾಗಿ ಲ್ಯಾಟಿನ್ ಅಮೆರಿಕದ ಕ್ಯಾಂಪಸ್‌ಗಳಲ್ಲಿ ಕೆಲಸ ಮಾಡಿದೋರು. ಅಲ್ಲಿನ ವಿದ್ಯಾರ್ಥಿಗಳು ಬಡತನ, ಕ್ರಾಂತಿ, ಸರ್ವಾಧಿಕಾರದ ಮಧ್ಯೆ ನಿಂತು ನಿಮ್ಮ ಸುವಾರ್ತೆ ಇದಕ್ಕೆ ಏನು ಹೇಳತ್ತೆ ಅಂತ ಕೇಳ್ತಿದ್ರು, ಆ ಪ್ರಶ್ನೆನೇ ಇವರು ಲೋಸಾನ್‌ಗೆ ಹೊತ್ಕೊಂಡು ಬಂದಿದ್ದು. ಕೊನೆಗೆ ಬಂದ ಲೋಸಾನ್ ಒಡಂಬಡಿಕೆಯ ಐದನೇ ಭಾಗದಲ್ಲಿ ಸಾಮಾಜಿಕ ಜವಾಬ್ದಾರಿ ನಿರ್ಲಕ್ಷ್ಯ ಮಾಡಿದ್ದಕ್ಕೆ, ಸುವಾರ್ತೆ ಮತ್ತು ಸಾಮಾಜಿಕ ಕಾಳಜಿ ಒಂದಕ್ಕೊಂದು ವಿರುದ್ಧ ಅಂತ ಅಂದ್ಕೊಂಡಿದ್ದಕ್ಕೆ ಪಶ್ಚಾತ್ತಾಪ ಇದೆ. ಅಂದ್ರೆ ಆ ಫಸ್ಟ್ ಇಯರ್ ಹುಡುಗಿ ಕೇಳಿದ ಥರದ್ದೇ ಪ್ರಶ್ನೆ ಇಡೀ ಲೋಕದ ಸಭೆಯನ್ನ ಒಂದು ಹೆಜ್ಜೆ ಆ ಕಡೆ ತಳ್ಳಿತ್ತು.

ಇನ್ನೂ ಹಿಂದಕ್ಕೆ ಹೋದ್ರೆ, 1729ರ ಹೊತ್ತಿಗೆ ಆಕ್ಸ್‌ಫರ್ಡ್‌ನಲ್ಲಿ ಮುಂದೆ ಮೆಥಡಿಸ್ಟ್ ಪಂಥಕ್ಕೆ ಕಾರಣರಾದ ವೆಸ್ಲಿ ಸಹೋದರರ ಸುತ್ತ ಒಂದು ಸಣ್ಣ ಗುಂಪು ಇತ್ತು, ಬೇರೆ ವಿದ್ಯಾರ್ಥಿಗಳು ಹೋಲಿ ಕ್ಲಬ್ ಅಂತ ಆಡ್ಕೊಳ್ಳೋರು. ಗ್ರೀಕ್ ಹೊಸ ಒಡಂಬಡಿಕೆ ಓದೋದು, ಉಪವಾಸ, ಪ್ರಾರ್ಥನೆ. ಅವರಲ್ಲಿ ವಿಲಿಯಂ ಮಾರ್ಗನ್ ಅನ್ನೋ ಹುಡುಗ 1730ರಲ್ಲಿ ಆಕ್ಸ್‌ಫರ್ಡ್ ಕೋಟೆಯ ಜೈಲಿಗೆ ಹೋಗಿ ಬಂದು ಉಳಿದೋರನ್ನೂ ಎಳ್ಕೊಂಡು ಹೋದ. ಅಲ್ಲಿಂದ ಕೈದಿಗಳು, ಸಾಲಕ್ಕೆ ಸಿಕ್ಕಿಹಾಕ್ಕೊಂಡೋರು, ಬಡ ಮಕ್ಕಳ ಪಾಠ. ಅದೇ ಜಾನ್ ವೆಸ್ಲಿ 1791ರಲ್ಲಿ ಸಾಯೋಕೆ ಆರು ದಿನ ಮುಂಚೆ ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್‌ಗೆ ಪತ್ರ ಬರೆದು ಗುಲಾಮಗಿರಿ ವಿರುದ್ಧ ಹೋರಾಟ ಬಿಡಬೇಡ ಅಂದಿದ್ದು. ಆಕ್ಸ್‌ಫರ್ಡ್‌ನಲ್ಲಿದ್ದಾಗ ಜೈಲಿನ ಬಾಗಿಲಲ್ಲಿ ಕಲಿತದ್ದು ಸಾಯೋವರೆಗೂ ಇತ್ತು.

ಎರಡನೇ_ವರ್ಷ

ಅಣ್ಣಾ ಇದೆಲ್ಲ ದೊಡ್ಡೋರ ಕಥೆ. ನಾವು ಹಾಸ್ಟೆಲ್ ಹುಡುಗರು, ಅಟೆಂಡೆನ್ಸ್ ಶಾರ್ಟೇಜ್‌ಗೇ ಹೆದರ್ತೀವಿ. ನಮ್ಮ ಕೈಲಿ ಏನಾಗತ್ತೆ?

ಇತಿಹಾಸ_ಓದುಗ

ತಮ್ಮಾ, ಥಾಮಸ್ ಕ್ಲಾರ್ಕ್‌ಸನ್ ಕಥೆ ಕೇಳು. 1785ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಲ್ಯಾಟಿನ್ ಪ್ರಬಂಧ ಸ್ಪರ್ಧೆ, ವಿಷಯ ಏನಂದ್ರೆ ಮನುಷ್ಯರನ್ನ ಅವರ ಇಷ್ಟಕ್ಕೆ ವಿರುದ್ಧ ಗುಲಾಮರನ್ನಾಗಿ ಮಾಡೋದು ನ್ಯಾಯಾನಾ. ಅವನು ಬರೆದಿದ್ದು ಬಹುಮಾನಕ್ಕೆ, ಅಷ್ಟೇ. ಆದ್ರೆ ಓದ್ತಾ ಓದ್ತಾ ನಿದ್ದೆ ಕೆಡ್ತು. ಬಹುಮಾನ ಬಂದು ಲಂಡನ್ ಕಡೆ ಕುದುರೆ ಮೇಲೆ ಹೋಗ್ತಿದ್ದಾಗ ವೇಡ್ಸ್‌ಮಿಲ್ ಹತ್ರ ಇಳಿದು ದಾರಿ ಪಕ್ಕ ಕೂತ್ಬಿಟ್ಟ, ನಾನು ಬರೆದಿದ್ದು ನಿಜ ಆಗಿದ್ರೆ ಇದನ್ನ ಯಾರಾದ್ರೂ ಕೊನೆಗಾಣಿಸಬೇಕಲ್ವಾ ಅಂತ. 1787ರಲ್ಲಿ ಹನ್ನೆರಡು ಜನರ ಸಮಿತಿ ಆಯ್ತು, ಅದ್ರಲ್ಲಿ ಒಂಬತ್ತು ಜನ ಕ್ವೇಕರ್ ಅನ್ನೋ ಕ್ರೈಸ್ತ ಪಂಥದೋರು. ಕ್ಲಾರ್ಕ್‌ಸನ್ ಬಂದರಿಂದ ಬಂದರಿಗೆ ಸುತ್ತಿ ನಾವಿಕರನ್ನ ಮಾತಾಡಿಸಿ, ಸಂಕೋಲೆ, ಬೇಡಿ ಎಲ್ಲಾ ಕೊಂಡು ತಂದು ಸಾಕ್ಷ್ಯ ಕೂಡಿಸಿದ. ಗುಲಾಮರ ವ್ಯಾಪಾರ ನಿಲ್ಲಿಸೋ ಕಾನೂನು ಬಂದಿದ್ದು 1807ರಲ್ಲಿ, ಪ್ರಬಂಧ ಬರೆದು 22 ವರ್ಷ ಆದ್ಮೇಲೆ, ಗುಲಾಮಗಿರಿನೇ ರದ್ದು ಮಾಡೋ ಕಾನೂನು 1833ರಲ್ಲಿ.

ನಿನ್ನ ಅಟೆಂಡೆನ್ಸ್ ಭಯ ನಂಗೆ ಅರ್ಥ ಆಗತ್ತೆ. ಆದ್ರೆ ವಿದ್ಯಾರ್ಥಿ ಹತ್ರ ಇರೋದು ಏನು ಅಂದ್ರೆ, ವಿಷಯಾನ ಪೂರ್ತಿ ತಿಳ್ಕೊಳ್ಳೋ ಟೈಮು, ತಿಳ್ಕೊಂಡಿದ್ದನ್ನ ಮರೆಯದೇ ಇರೋ ವಯಸ್ಸು. ಅವನ ಶುರುವೂ ಅಷ್ಟರಿಂದಲೇ ಆಗಿದ್ದು.

ಪಕ್ಕದ_ರೂಮಿನವಳು

ನಾನು ಕ್ರಿಶ್ಚಿಯನ್ ಅಲ್ಲ, ನನ್ನ ರೂಮ್‌ಮೇಟ್ ಇಂಥ ಒಂದು ಕೂಟದಲ್ಲಿದ್ಲು, ಅವಳಿಂದಾನೇ ಇಲ್ಲಿಗೆ ಬಂದೆ. ಒಂದು ಮಾತು ನೇರವಾಗಿ ಕೇಳ್ಲಾ? ನೀವು ಆ ಆಂಟಿಗೆ ಸಹಾಯ ಮಾಡಿದ ಮೇಲೆ ಅವರನ್ನ ಕೂಟಕ್ಕೆ ಕರೀತೀರಾ? ಕರೆಯೋ ಯೋಚನೆ ಮನಸ್ಸಲ್ಲಿದ್ರೆ ಅದು ಸಹಾಯನಾ ಅಥವಾ ಗಾಳನಾ? ನನ್ನ ರೂಮ್‌ಮೇಟ್ ನಂಗೆ ಜ್ವರ ಬಂದಾಗ ಎರಡು ರಾತ್ರಿ ನಿದ್ದೆ ಕೆಟ್ಟು ಕೂತಿದ್ಲು, ಒಂದು ದಿನಾನೂ ಏನೂ ಕೇಳ್ಲಿಲ್ಲ, ಅದಕ್ಕೇ ಅವಳ ನಂಬಿಕೆ ಬಗ್ಗೆ ನಂಗೆ ಗೌರವ. ಎಲ್ರೂ ಹಾಗಿರಲ್ಲ ಅನ್ನೋದೂ ನಾನು ನೋಡಿದೀನಿ.

ಸ್ಟಾಫ್‌ವರ್ಕರ್_ಅಣ್ಣ

ಈ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು ತಂಗಿ, ನಮ್ಮೊಳಗಿನೋರು ಇದನ್ನ ಕೇಳೋದು ಕಮ್ಮಿ. ನಾನು ಹದಿಮೂರು ವರ್ಷದಿಂದ ವಿದ್ಯಾರ್ಥಿಗಳ ಮಧ್ಯೆ ಸೇವೆ ಮಾಡ್ತಿದೀನಿ. ಲೂಕ 17ರಲ್ಲಿ ಯೇಸು ಹತ್ತು ಜನ ಕುಷ್ಠರೋಗಿಗಳನ್ನ ವಾಸಿ ಮಾಡ್ತಾನೆ, ವಾಪಸ್ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಸಮಾರ್ಯದವನು. ಒಂಬತ್ತು ಜನ ಬರ್ಲಿಲ್ಲ. ಅವರೆಲ್ಲಿ ಅಂತ ಯೇಸು ಕೇಳ್ತಾನೆ, ಆದ್ರೆ ಅವರ ರೋಗ ವಾಪಸ್ ಬಂತು ಅಂತ ಎಲ್ಲೂ ಇಲ್ಲ. ವಾಸಿಯಾದದ್ದು ವಾಸಿಯಾದ ಹಾಗೇ ಇತ್ತು. ನಮ್ಮ ಹುಡುಗರಿಗೆ ನಾನು ಹೇಳೋದು ಇದೇ, ಒಂಬತ್ತು ಜನ ತಿರುಗಿ ನೋಡದೇ ಹೋದ್ರೂ ಪೂರ್ತಿ ಮನಸ್ಸಿಂದ ಮಾಡೋಕೆ ಆಗತ್ತಾ ಅಂತ ಕೇಳ್ಕೊಳ್ಳಿ, ಆಗಲ್ಲ ಅಂದ್ರೆ ಶುರು ಮಾಡಬೇಡಿ.

ಅದಕ್ಕೆ ನಾವು ಒಂದು ಕಟ್ಟುಪಾಡು ಇಟ್ಕೊಂಡಿದೀವಿ. ಕಷ್ಟದಲ್ಲಿರೋರ ಮನೆಗೆ ಸಹಾಯ ತಗೊಂಡು ಹೋದ ದಿನ ಕೈಯಲ್ಲಿ ಕರಪತ್ರ ಇರಲ್ಲ, ಫೋಟೋ ತೆಗೆಯಲ್ಲ. ನಮ್ಮ ನಂಬಿಕೆ ಬಚ್ಚಿಡ್ತೀವಿ ಅಂತಲ್ಲ, ಯಾರಾದ್ರೂ ಯಾಕೆ ಮಾಡ್ತೀರಾ ಅಂತ ಕೇಳಿದ್ರೆ ಯೇಸುವಿನ ಹೆಸರು ಸಂತೋಷವಾಗಿ ಹೇಳ್ತೀವಿ. ಆದ್ರೆ ಹಸಿದೋರು, ಹೆದರಿರೋರು ಬೇಡ ಅನ್ನೋಕೆ ಸ್ವಾತಂತ್ರ್ಯ ಇಲ್ಲದ ಜಾಗದಲ್ಲಿ ನಿಂತಿರ್ತಾರೆ, ಅಂಥ ಜಾಗದಲ್ಲಿ ಅವರ ಹತ್ರ ಒಪ್ಪಿಗೆ ಕೇಳೋದು ಅನ್ಯಾಯ.

ಸುವಾರ್ತೆ_ಮೊದಲು

ಅಣ್ಣಾ ಇದಕ್ಕೆ ಆಮೆನ್. ನಾನು ಸುವಾರ್ತೆ ಮೊದಲು ಅನ್ನೋನು, ಆದ್ರೆ ಗಾಳ ಹಾಕೋ ಸುವಾರ್ತೆ ಸುವಾರ್ತೆನೇ ಅಲ್ಲ. ನನ್ನ ಮೊದಲನೇ ಭಯ ಮಾತ್ರ ಹಾಗೇ ಇದೆ, ಪ್ರಾರ್ಥನೆ ಒಣಗಬಾರದು.

ಸ್ಟಾಫ್‌ವರ್ಕರ್_ಅಣ್ಣ

ಒಣಗಬಾರದು, ಒಪ್ತೀನಿ. ಆದ್ರೆ ಕೆಲಸಕ್ಕೆ ಇಳಿದಾಗಲೇ ಒಣಗತ್ತೆ ಅನ್ನೋದು ಒಪ್ಪಲ್ಲ. ಅಮೆರಿಕದ ನ್ಯಾಶ್‌ವಿಲ್ ಊರಿನ ವಿಷಯ ಹೇಳ್ತೀನಿ, ನಾನು ಪ್ರತಿ ಲೀಡರ್ ಟ್ರೈನಿಂಗ್‌ನಲ್ಲೂ ಇದನ್ನ ಹೇಳ್ತೀನಿ.

ಜೇಮ್ಸ್ ಲಾಸನ್ ಅಂತ ಒಬ್ಬರು, ಮೆಥಡಿಸ್ಟ್ ಮಿಷನರಿಯಾಗಿ ನಾಗಪುರಕ್ಕೆ ಬಂದು ಹಿಸ್ಲಾಪ್ ಕಾಲೇಜಲ್ಲಿ ಇದ್ದಾಗ ಗಾಂಧಿಯ ಸತ್ಯಾಗ್ರಹ ಕಲಿತು ಅಮೆರಿಕಕ್ಕೆ ವಾಪಸ್ ಹೋದ್ರು. ದೇವತಾಶಾಸ್ತ್ರ ಓದ್ತಾನೇ 1959ರಲ್ಲಿ ನ್ಯಾಶ್‌ವಿಲ್‌ನ ಒಂದು ಚರ್ಚ್ ಕಟ್ಟಡದಲ್ಲಿ ಕಾಲೇಜು ಹುಡುಗ ಹುಡುಗೀರಿಗೆ ವಾರ ವಾರ ತರಬೇತಿ ಕೊಟ್ರು. ಏನು ತರಬೇತಿ ಅಂದ್ರೆ, ಒಬ್ಬರನ್ನ ಕುರ್ಚಿ ಮೇಲೆ ಕೂರಿಸಿ ಉಳಿದೋರು ಬೈಯೋದು, ತಳ್ಳೋದು, ಕೂತೋರು ಸಿಟ್ಟಿಗೆ ಸಿಟ್ಟು ತೋರಿಸದೇ ಕೂತಿರಬೇಕು, ಹೊಡೆದ್ರೆ ತಲೆ ಹೇಗೆ ಕಾಪಾಡ್ಕೋಬೇಕು. ತಿಂಗಳುಗಟ್ಟಲೆ ಇದೇ. ಶತ್ರುವನ್ನ ಪ್ರೀತಿಸು ಅನ್ನೋ ವಚನವನ್ನ ಬಾಯಿಪಾಠ ಮಾಡೋದಲ್ಲ, ಮೈಗೆ ಕಲಿಸೋದು! 1960ರ ಫೆಬ್ರವರಿ 13ಕ್ಕೆ ಅವರು ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕೌಂಟರ್‌ಗಳಲ್ಲಿ ಹೋಗಿ ಕೂತ್ರು. ಹೊಡೆಸ್ಕೊಂಡ್ರು, ಜೈಲಿಗೆ ಹೋದ್ರು, ಲಾಸನ್‌ರನ್ನ ಯೂನಿವರ್ಸಿಟಿಯಿಂದ ಹೊರಗೆ ಹಾಕಿದ್ರು. ಏಪ್ರಿಲ್ 19ಕ್ಕೆ ಅವರ ವಕೀಲರ ಮನೆಗೆ ಬಾಂಬ್ ಬಿತ್ತು, ಅವತ್ತೇ ಸಾವಿರಾರು ಜನ ನಡೆದು ಹೋಗಿ ಮೇಯರ್ ಮುಂದೆ ನಿಂತ್ರು, ಡಯಾನ್ ನ್ಯಾಶ್ ಅನ್ನೋ ವಿದ್ಯಾರ್ಥಿನಿ ಮೇಯರ್ ಮುಖ ನೋಡಿ ಬಣ್ಣ ನೋಡಿ ಭೇದ ಮಾಡೋದು ಸರಿನಾ ಅಂತ ಕೇಳಿದ್ಲು, ಮೇಯರ್ ತಪ್ಪು ಅಂತ ಒಪ್ಕೊಂಡ್ರು. ಮೇ 10ಕ್ಕೆ ಕೌಂಟರ್‌ಗಳು ತೆರೆದ್ವು. ಪ್ರಾರ್ಥನೆ ಬಿಟ್ಟಿದ್ರೆ ಆ ಹುಡುಗರು ಒಂದು ವಾರಾನೂ ನಿಲ್ತಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಅದೇ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ರಾಲೀ ಅನ್ನೋ ಊರಲ್ಲಿ ವಿದ್ಯಾರ್ಥಿ ಮುಖಂಡರೆಲ್ಲ ಸೇರಿದಾಗ ಎಲಾ ಬೇಕರ್ ಅನ್ನೋ ಹಿರಿಯ ಹೋರಾಟಗಾರ್ತಿ ಆ ಹುಡುಗರಿಗೆ ಹೇಳಿದ್ದು, ದೊಡ್ಡೋರ ಸಂಘಟನೆಗಳ ಯುವ ಘಟಕ ಆಗಬೇಡಿ, ನಿಮ್ಮ ನಿರ್ಧಾರ ನೀವೇ ಮಾಡಿ ಅಂತ. ಹಿರಿಯರನ್ನ ಗೌರವಿಸಿ, ಅವರ ಸಲಹೆ ಕೇಳಿ, ಆದ್ರೆ ಅವರ ಭಯಾನ ನಿಮ್ಮ ಬೆನ್ನ ಮೇಲೆ ಹೊತ್ಕೋಬೇಡಿ.

ಹಳೇಬ್ಯಾಚ್_ಅಕ್ಕ

ಬ್ರದರ್ ಹೇಳಿದ್ದಕ್ಕೆ ಒಂದು ಸೇರಿಸ್ಲಾ, ಇದು ನನ್ನ ಕಾಡೋ ವಿಷಯ. ಸಹಾಯ ಮಾಡೋಕೆ ಹೋದೋರೇ ಮೈಕ್ ಹಿಡ್ಕೊಂಡುಬಿಡೋದು. ದಕ್ಷಿಣ ಆಫ್ರಿಕಾದಲ್ಲಿ 1967ರಲ್ಲಿ ಯೂನಿವರ್ಸಿಟಿ ಕ್ರಿಶ್ಚಿಯನ್ ಮೂವ್‌ಮೆಂಟ್ (ಯುಸಿಎಂ) ಶುರುವಾಯ್ತು, ವರ್ಣಭೇದದ ಕಾಲದಲ್ಲಿ ಕಪ್ಪು, ಬಿಳಿ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಪ್ರಾರ್ಥಿಸೋದೇ ಧೈರ್ಯದ ಕೆಲಸ. ಆದ್ರೂ 1968ರಲ್ಲಿ ಅದೇ ಸಂಘಟನೆಯ ಸಭೆಯಲ್ಲಿ ಸ್ಟೀವ್ ಬಿಕೋ ಮತ್ತೆ ಇನ್ನೂ ಕೆಲವು ಕಪ್ಪು ವಿದ್ಯಾರ್ಥಿಗಳು ಬೇರೆ ಕೂತು ಮಾತಾಡಿದ್ರು, ನಮ್ಮ ನೋವನ್ನ ನಮ್ಮ ಪರವಾಗಿ ಬಿಳಿಯರು ಎಷ್ಟು ದಿನ ಹೇಳ್ತಾರೆ ಅನ್ನೋದು ಅವರ ಪ್ರಶ್ನೆ. ಅಲ್ಲಿಂದ ಅವರದ್ದೇ ವಿದ್ಯಾರ್ಥಿ ಸಂಘಟನೆ, ಸಾಸೋ, 1969ರಲ್ಲಿ ಹುಟ್ಟಿತು. ಯುಸಿಎಂ ಐದು ವರ್ಷಕ್ಕೇ, 1972ರಲ್ಲಿ ಮುಚ್ಚಿತು. ಅದು ಸೋತಿತು ಅಂತ ಬರೆಯೋರು ಇರಬಹುದು, ನಂಗೆ ಹಾಗನ್ಸಲ್ಲ. ಬೇರೆಯವರು ಎದ್ದು ನಿಲ್ಲೋಕೆ ಜಾಗ ಕೊಟ್ಟು ತಾನು ಹೋದ ಕೂಟ ಅದು.

ಆದ್ರಿಂದ ತಂಗಿ, ಆ ಆಂಟಿ ಪರವಾಗಿ ಅರ್ಜಿ ಬರೆಯೋಕೆ ಮುಂಚೆ ಅವರ ಹತ್ರ ಹೋಗಿ ಕೂತ್ಕೋ. ಅವರಿಗೆ ಏನು ಬೇಕು, ಏನು ಬೇಡ, ಯಾವುದಕ್ಕೆ ಹೆದರ್ತಾರೆ ಕೇಳು. ನೀನು ಮೂರು ತಿಂಗಳಲ್ಲಿ ಡಿಗ್ರಿ ತಗೊಂಡು ಹೋಗ್ತೀಯ, ಸಿಟ್ಟಾದ ಕಾಂಟ್ರಾಕ್ಟರ್ ಮುಂದೆ ನಾಳೆ ಬೆಳಿಗ್ಗೆ ನಿಲ್ಲಬೇಕಾದೋರು ಅವರು.

ಎರಡನೇ_ವರ್ಷ

ಅಕ್ಕಾ ಕೊನೇ ಸಾಲು ಓದಿ ಗಾಬರಿ ಆಯ್ತು. ನಾವು ನಾಳೆನೇ ಒಂದು ಪೋಸ್ಟರ್ ಅಂಟಿಸೋಣ ಅಂತಿದ್ವಿ ನಮ್ಮ ಕಾಲೇಜಲ್ಲಿ ಇಂಥದ್ದೇ ವಿಷಯಕ್ಕೆ. ನಿಲ್ಲಿಸ್ತೀನಿ.

ಇತಿಹಾಸ_ಓದುಗ

ಪೋಸ್ಟರ್ ಇರ್ಲಿ, ಪಕ್ಕದಲ್ಲಿ ಬದುಕೋದ್ರಿಂದ ಏನಾಗತ್ತೆ ಅಂತ ಎರಡು ಉದಾಹರಣೆ ಕೊಟ್ಟು ನಾನು ಸುಮ್ನಾಗ್ತೀನಿ. 1884ರಲ್ಲಿ ಸಾಮುವೆಲ್ ಬಾರ್ನೆಟ್ ಅನ್ನೋ ಪಾದ್ರಿ, ಅವರ ಹೆಂಡತಿ ಹೆನ್ರಿಯೆಟ್ಟಾ ಪೂರ್ವ ಲಂಡನ್‌ನ ಬಡವರ ಕೇರೀಲಿ ಟಾಯ್ನ್‌ಬೀ ಹಾಲ್ ಶುರು ಮಾಡಿದ್ರು, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಹುಡುಗರು ಬಂದು ದಾನ ಕೊಡೋದಲ್ಲ, ಅಲ್ಲೇ ವಾಸ ಮಾಡಿ ನೆರೆಯವರಾಗಬೇಕು ಅಂತ. ವಿಲಿಯಂ ಬೆವರಿಡ್ಜ್ ಅಲ್ಲಿ ಕೆಲಸ ಮಾಡಿದೋರು, 1942ರಲ್ಲಿ ಬ್ರಿಟನ್ನಿನ ಸಾಮಾಜಿಕ ವಿಮೆಯ ವರದಿ ಬರೆದಿದ್ದು ಅವರೇ. ಅದನ್ನ ಕಾನೂನಾಗಿ ತಂದ ಸರ್ಕಾರದ ಪ್ರಧಾನಿ ಕ್ಲೆಮೆಂಟ್ ಆಟ್ಲಿ, ಅವರೂ ಒಂದು ಕಾಲಕ್ಕೆ ಟಾಯ್ನ್‌ಬೀ ಹಾಲ್‌ನಲ್ಲಿ ಇದ್ದೋರೇ.

ಜಪಾನಿನಲ್ಲಿ ಟೊಯೊಹಿಕೊ ಕಗಾವ. ಸೆಮಿನರಿ ವಿದ್ಯಾರ್ಥಿ, ವಯಸ್ಸು 21, 1909ರ ಕ್ರಿಸ್ಮಸ್ ಹಿಂದಿನ ದಿನ ಸಾಮಾನು ತಗೊಂಡು ಕೋಬೆಯ ಶಿಂಕಾವ ಕೊಳೆಗೇರಿಗೆ ವಾಸಕ್ಕೆ ಹೋದ. ಅಲ್ಲೇ ವರ್ಷಗಟ್ಟಲೆ ಬದುಕಿದ ಮೇಲೆ ಅವನಿಗೆ ಗೊತ್ತಾಗಿದ್ದು ಭಿಕ್ಷೆ ಸಾಕಾಗಲ್ಲ ಅಂತ. ಆಮೇಲೆ ಕಾರ್ಮಿಕ ಸಂಘ, ರೈತ ಸಂಘ, 1921ರಲ್ಲಿ ಗ್ರಾಹಕರ ಸಹಕಾರ ಸಂಘ ಕಟ್ಟೋಕೆ ಕೈ ಹಾಕಿದ. ಕೊಳೆಗೇರೀಲಿ ಬದುಕದೇ ಇದ್ದಿದ್ರೆ ಜೀವನಪೂರ್ತಿ ಭಿಕ್ಷೆ ಹಂಚ್ತಾನೇ ಇರ್ತಿದ್ನೇನೋ.

ಫೈನಲ್‌ಇಯರ್_ಲೀಡರ್

ಹತ್ತು ದಿನ ಆದ್ಮೇಲೆ ಬರ್ತಿದೀನಿ, ಎಲ್ರಿಗೂ ಉತ್ತರ ಕೊಡೋಕೆ ಆಗ್ಲಿಲ್ಲ, ಕ್ಷಮಿಸಿ. ಅಕ್ಕ ಹೇಳಿದ ಹಾಗೆ ನಾನು ಮತ್ತೆ ಆ ಫಸ್ಟ್ ಇಯರ್ ಹುಡುಗಿ ಇಬ್ರೇ ಹೋಗಿ ಆಂಟಿ ಹತ್ರ ಮೆಟ್ಟಿಲ ಮೇಲೆ ಕೂತ್ವಿ. ಮೊದಲನೇ ದಿನ ಅವರು ಏನೂ ಹೇಳ್ಲಿಲ್ಲ, ನಾವು ಕಂಪ್ಲೇಂಟ್ ಮಾಡೋಕೆ ಬಂದಿದೀವಿ ಅಂತ ಅಂದ್ಕೊಂಡು ಬಾತ್‌ರೂಮ್ ಇನ್ನೊಂದ್ಸಲ ತೊಳೀಲಾ ಅಂತ ಕೇಳಿದ್ರು. ಅದನ್ನ ಕೇಳಿ ನಮ್ಮಿಬ್ರಿಗೂ ಕಣ್ಣಲ್ಲಿ ನೀರು. ಮೂರನೇ ಸಲ ಹೋದಾಗ ಮಾತಾಡಿದ್ರು. ಎರಡು ತಿಂಗಳ ಸಂಬಳಕ್ಕಿಂತ ಅವರಿಗೆ ದೊಡ್ಡ ಚಿಂತೆ ಏನು ಗೊತ್ತಾ, ಇಲ್ಲಿ ಕೆಲಸ ಮಾಡ್ತಿದೀನಿ ಅಂತ ತೋರಿಸೋ ಒಂದು ಕಾಗದಾನೂ ಅವರ ಹತ್ರ ಇಲ್ಲ, ಹಾಜರಿ ಪುಸ್ತಕ ಸೂಪರ್‌ವೈಸರ್ ಕೈಲಿದೆ, ಹೋದ ವರ್ಷ ಕೇಳಿದೋರನ್ನ ಬಿಡಿಸಿಬಿಟ್ರಂತೆ. ನಾವು ಕಾಲೇಜಿಗೆ ಅರ್ಜಿ ಬರೆದಿದ್ರೆ ಇವರೂ ಹೋಗ್ತಿದ್ರು!

ಅವರು ಕೇಳಿದ್ದು ಒಂದೇ ಸಹಾಯ. ಬಂದ ದಿನ, ಹೋದ ಟೈಮ್ ಬರೆದಿಡೋಕೆ ಒಂದು ನೋಟ್‌ಬುಕ್, ಬರೆಯೋಕೆ ಒಬ್ರು. ಈಗ ಏಳು ಜನ ಆಂಟಿಯರ ಲೆಕ್ಕ ಬರೀತಿದೀವಿ, ಅದು ಅವರ ಹತ್ರಾನೇ ಇರತ್ತೆ, ನಮ್ಮ ಹತ್ರ ಅಲ್ಲ. ಪಕ್ಕದ ರೂಮಿನ ಅಕ್ಕನ ಪ್ರಶ್ನೆ ಕೂಟದಲ್ಲಿ ಜೋರಾಗಿ ಓದಿ ಹೇಳಿದ್ವಿ, ಅದಾದ್ಮೇಲೆ ಕೂಟಕ್ಕೆ ಬರದೇ ಇರೋ ಇಬ್ರು ಕ್ಲಾಸ್‌ಮೇಟ್ಸ್ ಕೂಡ ಬರೆಯೋಕೆ ಸೇರ್ಕೊಂಡಿದಾರೆ, ಅದರಲ್ಲಿ ಒಬ್ಳು ಲಾ ಓದ್ತಿರೋಳು. ಸಂಬಳ ಇನ್ನೂ ಬಂದಿಲ್ಲ. ಮಾರ್ಗದರ್ಶನ ಕೊಡೋ ಹಿರಿಯರಿಗೆ ಎಲ್ಲಾ ಹೇಳಿದೆ, ಅವರು ತುಂಬಾ ಹೊತ್ತು ಸುಮ್ನಿದ್ದು ಆಂಟಿ ಹೆಸರು ಕೇಳಿದ್ರು, ಪ್ರಾರ್ಥನೇಲಿ ಆ ಹೆಸರು ಹೇಳಿದ್ರು.

ಈಗ ನನ್ನ ಪ್ರಶ್ನೆ ಬೇರೆ. ಮುಂದಿನ ತಿಂಗಳು ಎಕ್ಸಾಮ್, ಆಮೇಲೆ ನಾನು ಹೋಗ್ತೀನಿ. ಬೆಳಿಗ್ಗೆ ಆರಕ್ಕೆ ಎದ್ದು ನೋಟ್‌ಬುಕ್ ಬರೆಯೋಕೆ ಎರಡನೇ ವರ್ಷದೋರು ಮೂರು ಜನ ಬೇಕು, ಒಬ್ರು ಸಿಕ್ಕಿದಾರೆ. ಇನ್ನಿಬ್ರನ್ನ ಹೇಗೆ ತಯಾರು ಮಾಡ್ಲಿ?

ಹಳೇಬ್ಯಾಚ್_ಅಕ್ಕ

ಕೂಟದಲ್ಲಿ ಅನೌನ್ಸ್ ಮಾಡಬೇಡ, ಕೈ ಎತ್ತಿದೋರು ಆ ಉತ್ಸಾಹಕ್ಕೆ ಎತ್ತಿರ್ತಾರೆ. ಇವತ್ತಿಂದಾನೇ ದಿನಕ್ಕೊಬ್ರನ್ನ ಜೊತೆಗೆ ಕರ್ಕೊಂಡು ಮೆಟ್ಟಿಲ ಹತ್ರ ಹೋಗು. ಆಂಟಿ ಯಾರ ಹೆಸರು ನೆನಪಿಟ್ಕೊಂಡು ಮರುದಿನ ಕೇಳ್ತಾರೋ ಅವರಿಗೆ ಪೆನ್ ಕೊಡು. ರಜಾ ದಿನಗಳಲ್ಲಿ ಯಾರು ಇರ್ತಾರೆ ಅನ್ನೋದನ್ನ ಮಾತ್ರ ಮರೀಬೇಡ, ಆ ವಾರಗಳ ಪಟ್ಟಿ ಇವತ್ತೇ ಬರೆದು ಆಂಟಿಗೆ ಓದಿ ಹೇಳು.